ಭೂಪಟದ ಲೆಕ್ಕ: ಚಪ್ಪಟೆಯೋ, ದುಂಡೋ?

1800ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ, ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಅಳೆದರು. ಅಷ್ಟು ದೂರವನ್ನು ಭೂಮಿಯ ಬಾಗು ಹಿಡಿದು ನಡೆದರೂ, ತುದಿಯಿಂದ ತುದಿಗೆ ನೆಟ್ಟಗೆ ಸುರಂಗ ಕೊರೆದರೂ ಉದ್ದದಲ್ಲಿ ಎರಡು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಅದೇ ಸರಪಳಿ ಬಿಸಿಲಿಗೆ ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಅಳತೆ ಸುಮಾರು 14 ಸೆಂ.ಮೀ. ಏರುಪೇರಾಗುತ್ತದೆ!

ಊರೊಳಗೆ ಊಟ ತಲುಪಿಸುವ, ಆಟೋ ಕರೆಸುವ ಆ್ಯಪ್ ಬರೆಯುವವರು ಹಾಗಾಗಿ ನೆಲವನ್ನು ಚಪ್ಪಟೆ ಎಂದುಕೊಂಡರೆ ತಪ್ಪೇನಿಲ್ಲ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಸಾಕು. ಕಂಪ್ಯೂಟರಿಗೂ ಅದು ಹಗುರ.

ಆದರೆ ಮೊಬೈಲಿನ ಜಿಪಿಎಸ್ ಕೊಡುವುದು ಮೀಟರುಗಳನ್ನಲ್ಲ, ಅಕ್ಷಾಂಶ ರೇಖಾಂಶಗಳೆಂಬ ಕೋನಗಳನ್ನು. ಅವನ್ನೇ ಗ್ರಾಫ್ ಹಾಳೆಯ ಚೌಕಗಳಂತೆ ಬಳಸಿದಾಗ ಎಡವಟ್ಟು ಶುರು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಉತ್ತರಕ್ಕೆ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ., ಪೂರ್ವಕ್ಕೆ 108. ಇಷ್ಟು ಸಣ್ಣ ತಪ್ಪು ಪರೀಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಕೋಡನ್ನು ದೂರದ ಉತ್ತರದಲ್ಲಿರುವ ಓಸ್ಲೋಗೆ ಒಯ್ಯಿರಿ: ಅಲ್ಲಿ ಪೂರ್ವದ ಡಿಗ್ರಿ 56 ಕಿ.ಮೀ.ಗೆ ಕುಗ್ಗಿರುತ್ತದೆ. ಐದು ಕಿ.ಮೀ. ದೂರದೊಳಗಿನ ಅಂಗಡಿಗಳನ್ನು ಹುಡುಕಿದರೆ ಪೂರ್ವ ಪಶ್ಚಿಮಗಳಲ್ಲಿ ಎರಡೂವರೆ ಕಿ.ಮೀ. ಆಚೆಗಿನದೆಲ್ಲ ಮಾಯ. ನನ್ನನ್ನು ಕಾಡುವುದು ಇದೇ. ಸಮಭಾಜಕದ ಹತ್ತಿರದ ನಮ್ಮ ನೆಲ ಈ ತಪ್ಪನ್ನು ಮುಚ್ಚಿಟ್ಟುಕೊಳ್ಳುತ್ತದೆ, ಕೋಡ್ ಬರೆದವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಕೋನಗಳನ್ನು ಮೀಟರಿಗೆ ಇಳಿಸಲು, ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಸೀಳಿ ಒಂದೊಂದಕ್ಕೂ ಬೇರೆಯೇ ಅಳತೆಪಟ್ಟಿ ಕೊಟ್ಟ ಯುಟಿಎಂ ವಲಯಗಳಿವೆ. ಬೆಂಗಳೂರು 43ನೇ ವಲಯದಲ್ಲಿದೆ; 78 ಡಿಗ್ರಿ ರೇಖಾಂಶ ದಾಟಿದ ಕೋಲಾರ ಪಟ್ಟಣ ಆಗಲೇ 44ನೆಯದು. ಎರಡು ವಲಯಗಳ ಮೀಟರುಗಳನ್ನು ಬೆರೆಸಿ ಲೆಕ್ಕ ಹಾಕುವಂತಿಲ್ಲ.

ಭೂಪಟದ ಮಾಹಿತಿಯನ್ನು ಸಂಗ್ರಹಿಸುವ ಪೋಸ್ಟ್‌ಜಿಐಎಸ್ ಎಂಬ ತಂತ್ರಾಂಶದಲ್ಲಿ ಚಪ್ಪಟೆಯೋ ದುಂಡೋ ಎಂಬ ಆಯ್ಕೆ ಎದುರಿಗೇ ಇದೆ. ಅದರ ‘ಜಿಯೊಮೆಟ್ರಿ’ ಚಪ್ಪಟೆ ಲೆಕ್ಕದ್ದು, ‘ಜಿಯಾಗ್ರಫಿ’ ದುಂಡು ಲೆಕ್ಕದ್ದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಎಂದು ಡಿಗ್ರಿಗಳನ್ನು ಕೊಟ್ಟು ಕೇಳಿದರೆ ಮೊದಲನೆಯದು ಸುಮಾರು 201 ಎನ್ನುತ್ತದೆ. ಡಿಗ್ರಿಗೆ 111ರಂತೆ ಗುಣಿಸಿದರೆ 22,000 ಕಿ.ಮೀ.ಗೂ ಹೆಚ್ಚು. ಭೂಮಿಯ ಮೇಲೆ ಯಾವ ಎರಡು ಊರೂ ಅಷ್ಟು ದೂರವಿರಲು ಸಾಧ್ಯವಿಲ್ಲ. ಅರ್ಧ ಸುತ್ತೇ 20,000 ಕಿ.ಮೀ. ಚಪ್ಪಟೆ ಲೆಕ್ಕಕ್ಕೆ 180 ಡಿಗ್ರಿ ರೇಖೆ ಎಂದರೆ ಹಾಳೆಯ ಅಂಚು, ಅದರಾಚೆ ದಾರಿಯೇ ಇಲ್ಲ. ಎರಡನೆಯದು ಸೈಬೀರಿಯಾದ ಉತ್ತರ ತೀರದ ಕಡೆಯಿಂದ ಬಳಸಿ, ಸುಮಾರು 14,000 ಕಿ.ಮೀ. ಎಂದು ಸರಿಯಾಗಿ ಹೇಳುತ್ತದೆ. ಸೈನ್, ಕೊಸೈನ್‌ಗಳ ಹೊರೆಯಿಂದ ತುಸು ನಿಧಾನ, ಅಷ್ಟೆ.

ಹಾಗೆಂದು ಎಲ್ಲಕ್ಕೂ ದುಂಡು ಲೆಕ್ಕವೇ ಸರಿ ಎಂದುಕೊಳ್ಳಬಾರದು. ಅಮೆರಿಕ ಮತ್ತು ಕೆನಡಾದ ಗಡಿ ಪಶ್ಚಿಮದಲ್ಲಿ 49ನೇ ಅಕ್ಷಾಂಶವನ್ನು ಹಿಡಿದು ಸಾಗುತ್ತದೆ. ಎರಡು ತುದಿಗಳನ್ನಷ್ಟೇ ಕೊಟ್ಟರೆ ದುಂಡು ಲೆಕ್ಕ ಅವುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಎಳೆಯುತ್ತದೆ. ಆ ಗೆರೆ ಮಧ್ಯದಲ್ಲಿ 90 ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಉಬ್ಬಿ, ಕೆನಡಾದ ಅಷ್ಟೂ ನೆಲ ಅಮೆರಿಕದ ಪಾಲಾಗುತ್ತದೆ. ಇಲ್ಲಿ ಚಪ್ಪಟೆ ಗೆರೆಯೇ ಗಡಿ ಒಪ್ಪಂದಕ್ಕೆ ನಿಷ್ಠ. ದುಂಡು ಲೆಕ್ಕವೇ ಬೇಕಿದ್ದರೆ ಗಡಿಯುದ್ದಕ್ಕೂ ಡಿಗ್ರಿಗೊಂದರಂತೆ ಬಿಂದು ನೆಡಬೇಕು. ಆಗ ಉಬ್ಬು ಸುಮಾರು 120 ಮೀಟರಿಗೆ ಇಳಿಯುತ್ತದೆ.