ಸಿನ್ಸಿನಾಟಿಯ ಕಿಂಗ್ ಧ್ವನಿಮುದ್ರಣ ಸಂಸ್ಥೆ

ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಹೆಸರನ್ನು ಎಲ್ಲರೂ ಓದುತ್ತಾರೆ. ತಯಾರಿಸಿದ ಸಂಸ್ಥೆಯ ಹೆಸರನ್ನು ಓದುವವರು ವಿರಳ. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕೆಯ ಕಪ್ಪುಜನರ ಸಂಗೀತವನ್ನು ನಾಡಿನ ತುಂಬ ಹಬ್ಬಿಸಿದ ಕೀರ್ತಿಯ ಬಹುಪಾಲು ಚಿಕ್ಕ ಚಿಕ್ಕ ಸಂಸ್ಥೆಗಳಿಗೆ ಸಲ್ಲತಕ್ಕದ್ದು. ಅವುಗಳಲ್ಲಿ ಓಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದ ‘ಕಿಂಗ್’ ಒಂದು.

ಆಗಿನ ತಟ್ಟೆಗಳಿಗೆ ಬೇಕಾದ ಮುಖ್ಯ ದ್ರವ್ಯವು ಅರಗು. ಅದು ಬಹುಮಟ್ಟಿಗೆ ಹೋಗುತ್ತಿದ್ದುದು ನಮ್ಮ ಭಾರತದಿಂದಲೇ! ಯುದ್ಧದ ನಿಮಿತ್ತ 1942ರಲ್ಲಿ ಅಲ್ಲಿಯ ಸರಕಾರವು ಅರಗಿನ ಬಳಕೆಗೆ ಮಿತಿ ಹಾಕಿತು. ದೊಡ್ಡ ಕಂಪನಿಗಳು ಸಿಕ್ಕ ಅರಗನ್ನು ಹೆಚ್ಚು ಮಾರಾಟವಾಗುವ ಗಾಯಕರಿಗೆ ಮೀಸಲಿಟ್ಟವು. ಕಪ್ಪುಜನರ ಹಾಡುಗಳೂ ಬಿಳಿಯ ಹಳ್ಳಿಗರ ಹಾಡುಗಳೂ ಹಿಂದೆ ಬಿದ್ದವು. ಕೇಳುವವರು ಇದ್ದರು, ಕೊಳ್ಳಲು ತಟ್ಟೆಗಳು ಸಾಲದಾದವು.

ಈ ಕೊರತೆಯನ್ನು ಕಂಡವನು ಸಿಡ್ ನೇಥನ್. ಉಬ್ಬಸದ ರೋಗಿ, ದೃಷ್ಟಿಯೂ ಮಂದ. ಹಳೆಯ ತಟ್ಟೆಗಳನ್ನು ಮಾರುತ್ತಿದ್ದ ಅಂಗಡಿಕಾರ. 1943ರಲ್ಲಿ ಹಳ್ಳಿಗರ ಹಾಡುಗಳಿಂದ ಆರಂಭಿಸಿ, 1945ರಲ್ಲಿ ಕಪ್ಪುಜನರ ಹಾಡುಗಳಿಗಾಗಿ ‘ಕ್ವೀನ್’ ಎಂಬ ಇನ್ನೊಂದು ಹೆಸರನ್ನು ಹುಟ್ಟುಹಾಕಿದನು. ಮುಂದೆ ಅದೂ ಕಿಂಗ್‌ನಲ್ಲಿಯೇ ಸೇರಿಹೋಯಿತು.

ಬ್ರೂಸ್ಟರ್ ಬೀದಿಯಲ್ಲಿ ಹಿಂದೆ ಮಂಜುಗಡ್ಡೆಯ ಕೋಠಿಯಾಗಿದ್ದ ಕಟ್ಟಡವೇ ಇದರ ನೆಲೆ. ಹಾಡಿಸುವುದು, ಅಚ್ಚು ತೆಗೆಯುವುದು, ತಟ್ಟೆ ಒತ್ತುವುದು, ಲಕೋಟೆ ಮುದ್ರಿಸುವುದು, ಊರೂರಿಗೆ ರವಾನಿಸುವುದು ಎಲ್ಲವೂ ಒಂದೇ ಸೂರಿನ ಕೆಳಗೆ! ಚಿಕ್ಕ ಸಂಸ್ಥೆಗಳಲ್ಲಿ ಇದು ಅಪೂರ್ವ. ಅದಕ್ಕಿಂತ ಅಪೂರ್ವವಾದುದು, ವರ್ಣಭೇದದ ಆ ದಿನಗಳಲ್ಲಿ ಕರಿಯರೂ ಬಿಳಿಯರೂ ಅಲ್ಲಿ ಜೊತೆಯಾಗಿ ದುಡಿಯುತ್ತಿದ್ದುದು. ತುತ್ತೂರಿಗಾರನೂ ಗೀತರಚಕನೂ ಆಗಿದ್ದ ಹೆನ್ರಿ ಗ್ಲೋವರ್ ಎಂಬ ಕಪ್ಪು ತರುಣನು ಬಿಳಿಯ ಗಾಯಕರ ಧ್ವನಿಮುದ್ರಣವನ್ನೂ ನಡೆಸಿಕೊಡುತ್ತಿದ್ದನು.

ಒಂದೇ ಗೀತೆಯನ್ನು ಎರಡೂ ಬಗೆಯ ಗಾಯಕರಿಂದ ಹಾಡಿಸುವುದು ನೇಥನ್ನನ ಪದ್ಧತಿ. 1949ರಲ್ಲಿ ವೇನ್ ರೇನಿ ಹಳ್ಳಿಯ ಧಾಟಿಯಲ್ಲಿ ಹಾಡಿದ ಗೀತೆಯನ್ನೇ ಬುಲ್ ಮೂಸ್ ಜಾಕ್ಸನ್ ಕಪ್ಪುಜನರ ಧಾಟಿಯಲ್ಲಿ ಹಾಡಿದನು, ಎರಡೂ ಜನಪ್ರಿಯವಾದವು. ಗೀತೆಗಳ ಪ್ರಕಾಶನದ ಹಕ್ಕೂ ಸ್ವಂತದ್ದಾದರೆ ಒಂದೇ ಹಾಡಿನಿಂದ ಎರಡು ಸಲ ಆದಾಯ! ಔದಾರ್ಯವೋ ವ್ಯಾಪಾರವೋ ಎಂದು ಕೇಳಿದರೆ, ವ್ಯಾಪಾರವೇ ಮುಂದಾಗಿದ್ದಿತೆಂದು ನನಗೆ ತೋರುತ್ತದೆ. ಆದರೂ ಆ ವ್ಯಾಪಾರದಿಂದ ಗೋಡೆಯೊಂದು ಸಡಿಲವಾದುದು ಸುಳ್ಳಲ್ಲ. ‘ಬಿಲ್‌ಬೋರ್ಡ್’ ಪತ್ರಿಕೆಯು ಕಪ್ಪುಜನರ ತಟ್ಟೆಗಳಿಗಿದ್ದ ಜನಾಂಗಸೂಚಕ ಹೆಸರನ್ನು ಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಬಳಕೆಗೆ ತಂದುದೂ ಆ 1949ರಲ್ಲಿಯೇ.

ನೇಥನ್ನನ ಕಿವಿಯು ಎಲ್ಲ ವೇಳೆಯಲ್ಲಿಯೂ ಸರಿಯಾಗಿ ಕೇಳಲಿಲ್ಲ. ಜೇಮ್ಸ್ ಬ್ರೌನ್‌ನ ಮೊದಲ ತಟ್ಟೆ 1956ರಲ್ಲಿ ಹೊರಬಂದು ಗೆದ್ದರೂ ಯಜಮಾನನಿಗೆ ಅದು ರುಚಿಸಿರಲಿಲ್ಲ. 1962ರಲ್ಲಿ ನ್ಯೂಯಾರ್ಕಿನ ಅಪೋಲೋ ರಂಗಮಂದಿರದಲ್ಲಿ ಪ್ರೇಕ್ಷಕರ ಎದುರಿನ ಹಾಡಿಕೆಯನ್ನು ಮುದ್ರಿಸಲು ಅವನು ಹಣ ಕೊಡಲೊಪ್ಪಲಿಲ್ಲ. ಬ್ರೌನ್ ತನ್ನ ಕೈಯಿಂದಲೇ ವೆಚ್ಚ ಮಾಡಿದನು. ಮರುವರ್ಷ ಹೊರಬಂದ ಆ ದೊಡ್ಡ ತಟ್ಟೆಯು ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

1968ರಲ್ಲಿ ನೇಥನ್ ತೀರಿಕೊಂಡ ಮೇಲೆ ಸಂಸ್ಥೆಯು ಪರರ ಪಾಲಾಯಿತು. ಹಾಳುಬಿದ್ದ ಕಟ್ಟಡವನ್ನು ಕೆಡವಬಾರದೆಂದು ನಾಗರಿಕರು ಹೋರಾಡಿದರು. 2015ರಲ್ಲಿ ನಗರಸಭೆಯು ಅದನ್ನು ಚಾರಿತ್ರಿಕ ಸ್ಮಾರಕವೆಂದು ಸಾರಿತು.