ವಿಂಡೋಸ್ ಬದಲಾಯಿಸಿದ ಮೇಲೆ ಪರದೆ ಮಸುಕಾದರೆ

2025ನೇ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆದ್ದರಿಂದ ಹಳೆಯ ಗಣಕಯಂತ್ರಗಳಿಗೆ ವಿಂಡೋಸ್ 11 ಹಾಕಿಸುವ ಕೆಲಸ ಹಲವೆಡೆ ನಡೆದಿದೆ. ಹಾಗೆ ಹಾಕಿಸಿದ ಕೆಲವು ಯಂತ್ರಗಳಲ್ಲಿ ಪರದೆಯ ಅಕ್ಷರಗಳು ದಪ್ಪವಾಗಿ, ಮಸುಕಾಗಿ ಕಾಣತೊಡಗುತ್ತವೆ. ಮಾನಿಟರ್ ಕೆಟ್ಟಿತೆಂದು ಹೊಸದನ್ನು ಕೊಳ್ಳಲು ಹೊರಡುವವರೂ ಉಂಟು. ಬಹಳಷ್ಟು ಸಂದರ್ಭಗಳಲ್ಲಿ ಆ ಖರ್ಚು ಅನವಶ್ಯಕ.

ಗದಗ ಜಿಲ್ಲೆಯ ಸೂಡಿಯಂಥ ಊರಿನ ರೈತನಿಗೆ ಇದು ಬರೀ ಕಣ್ಣಿನ ತೊಂದರೆಯಲ್ಲ. ಪಹಣಿ, ಫ್ರೂಟ್ಸ್ ನೋಂದಣಿ, ಬೆಳೆವಿಮೆ ಎಲ್ಲವೂ ಪರದೆಯ ಮೇಲೆ ಓದಿ ತುಂಬುವಂಥವು. ಮಸುಕಾದ ಪರದೆಯಲ್ಲಿ 'ದ' ಮತ್ತು 'ಧ', 'ಪ' ಮತ್ತು 'ಷ' ಒಂದೇ ಆಗಿ ಕಾಣುತ್ತವೆ. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಗಲವಾದ ಕೋಷ್ಟಕದಲ್ಲಿ ಸರ್ವೆ ನಂಬರು ಕಂಡರೂ ಹಿಸ್ಸಾ ನಂಬರು ಬಲ ಅಂಚಿನಾಚೆಗೆ ಉಳಿದುಬಿಡಬಹುದು. ಅಣ್ಣತಮ್ಮಂದಿರ ಪಾಲುಗಳು ಒಂದೇ ಸರ್ವೆ ನಂಬರಿನಲ್ಲಿರುವಾಗ ತಪ್ಪು ಹಿಸ್ಸಾ ಆಯ್ಕೆಯಾದರೆ ಅದನ್ನು ತಿದ್ದಿಸಲು ಅಲೆಯಬೇಕಾಗುತ್ತದೆ. ಅಷ್ಟರಲ್ಲಿ ವಿಮೆಯ ಕೊನೆಯ ದಿನ ಕಳೆದರೆ ಆ ಹಂಗಾಮು ಕೈಬಿಟ್ಟಂತೆಯೇ.

ಲಕ್ಷಣ ಮತ್ತು ಕಾರಣ

ಮಾನಿಟರಿನಲ್ಲಿ ಬೆಳಕಿನ ಚುಕ್ಕೆಗಳನ್ನು ಕಾರ್ಖಾನೆಯಲ್ಲಿಯೇ ಸಾಲುಸಾಲಾಗಿ ಕೂಡಿಸಿರುತ್ತಾರೆ. ಹದಿನೆಂಟೂವರೆ ಇಂಚಿನ ಮಾನಿಟರಿನಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಎತ್ತರಕ್ಕೆ 768 ಚುಕ್ಕೆಗಳು. ಇಪ್ಪತ್ತೊಂದೂವರೆ ಇಂಚಿನದರಲ್ಲಿ 1920 ಮತ್ತು 1080. ಈ ಅಳತೆಗೆ ರೆಸಲ್ಯೂಷನ್ ಎನ್ನುತ್ತಾರೆ. ಎರೆಭೂಮಿಯಲ್ಲಿ ಜೋಳ ಬಿತ್ತಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕೂರಿಗೆಯ ಸಾಲಿನ ಅಂತರಕ್ಕೆ ಹೊಂದುವ ಎಡೆಕುಂಟೆಯನ್ನೇ ಹೊಡೆಯಬೇಕು. ಅಂತರ ತಪ್ಪಿದರೆ ಕಳೆಯ ಜೊತೆಗೆ ಬೆಳೆಯೂ ಹೋಗುತ್ತದೆ. ಮಾನಿಟರಿನ ಚುಕ್ಕೆಗಳು ಬಿತ್ತಿದ ಸಾಲುಗಳಿದ್ದಂತೆ, ಗಣಕಯಂತ್ರ ಕಳಿಸುವ ಚಿತ್ರ ಎಡೆಕುಂಟೆಯಿದ್ದಂತೆ.

1024ಕ್ಕೆ 768ರ ಚಿತ್ರವನ್ನು 1366ಕ್ಕೆ 768ರ ಪರದೆಯ ತುಂಬ ಹರಡಿದಾಗ ಅಗಲ ಮಾತ್ರ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಸೂಡಿಯ ಜೋಡು ಕಳಸದ ಗುಡಿಯ ಫೋಟೋ ತೆರೆದು ನೋಡಿದರೆ ಸಾಕು: ಶಿಖರಗಳು ಕುಳ್ಳಾಗಿ, ಅಗಲವಾಗಿ ಕಂಡರೆ ಅಳತೆ ತಪ್ಪಿದೆ ಎಂದೇ ಅರ್ಥ.

ಗಣಕಯಂತ್ರದೊಳಗಿನ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹಳೆಯ ಚಿಪ್ಪಿಗೆ ತಕ್ಕ ಡ್ರೈವರ್ ಹೊಸ ವಿಂಡೋಸಿಗೆ ಸಿಗದಿದ್ದಾಗ ಅದು ತನ್ನಲ್ಲಿರುವ ಸಾದಾ ಡ್ರೈವರಿನಿಂದಲೇ ಕೆಲಸ ಸಾಗಿಸುತ್ತದೆ. ಎತ್ತು ಬದಲಾದರೂ ಹಳೆಯ ನೊಗವನ್ನೇ ಕಟ್ಟಿದಂತೆ ಯಂತ್ರ ನಡೆಯುತ್ತದೆ, ಹದ ತಪ್ಪಿರುತ್ತದೆ.

ಸರಿಪಡಿಸುವ ಕ್ರಮ

ಮೊದಲು ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ತೆರೆಯಬೇಕು. ಅಲ್ಲಿ 'ಡಿಸ್‌ಪ್ಲೇ ರೆಸಲ್ಯೂಷನ್' ಎಂಬಲ್ಲಿ 'ರೆಕಮೆಂಡೆಡ್' ಎಂದು ಗುರುತಿರುವ ಅಳತೆಯನ್ನು ಆರಿಸಬೇಕು. ಅದು ಮಾನಿಟರಿನ ಪೆಟ್ಟಿಗೆ ಅಥವಾ ಕೈಪಿಡಿಯಲ್ಲಿರುವ ಅಳತೆಗೆ ಸರಿಹೊಂದುವುದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಬದಲಾಯಿಸಿದಾಗ ಪರದೆ ಕಪ್ಪಾದರೆ ಗಾಬರಿ ಬೇಡ. ಏನನ್ನೂ ಮುಟ್ಟದೆ ಸುಮಾರು 15 ಸೆಕೆಂಡು ಕಾದರೆ ಹಳೆಯ ಅಳತೆ ತಾನಾಗಿಯೇ ಮರಳುತ್ತದೆ.

ಬೇಕಾದ ಅಳತೆ ಪಟ್ಟಿಯಲ್ಲಿಯೇ ಇಲ್ಲದಿದ್ದರೆ 'ಡಿವೈಸ್ ಮ್ಯಾನೇಜರ್'ನಲ್ಲಿ 'ಡಿಸ್‌ಪ್ಲೇ ಅಡಾಪ್ಟರ್ಸ್' ಎಂಬುದನ್ನು ತೆರೆಯಬೇಕು. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಡ್ರೈವರ್ ಇಲ್ಲವೆಂದು ತಿಳಿಯಬೇಕು. ಇಂಟರ್‌ನೆಟ್ ಜೋಡಿಸಿ 'ವಿಂಡೋಸ್ ಅಪ್‌ಡೇಟ್' ನಡೆಸಿ, ಅದರೊಳಗಿನ 'ಆಪ್ಷನಲ್ ಅಪ್‌ಡೇಟ್ಸ್' ಕೂಡ ನೋಡಬೇಕು. ಅಲ್ಲಿಯೂ ಸಿಗದಿದ್ದರೆ ಯಂತ್ರದ ಮಾದರಿ ಸಂಖ್ಯೆ ಬರೆದುಕೊಂಡು ತಯಾರಕ ಕಂಪನಿಯ ತಾಣದಿಂದಲೇ ಡ್ರೈವರ್ ಪಡೆಯಬೇಕು. ಎಲ್ಲ ಯಂತ್ರಕ್ಕೂ ಹೊಂದುವ ಡ್ರೈವರ್ ಎಂದು ಜಾಹೀರಾತು ಮಾಡುವವರ ಗೊಡವೆಗೆ ಹೋಗಬಾರದು. ಪರವಾನಿಗೆಯಿಲ್ಲದ ಅಂಗಡಿಯ ಬಿಡಿ ಬೀಜಕ್ಕೂ ಅದಕ್ಕೂ ಭೇದವಿಲ್ಲ.

ಡ್ರೈವರ್ ಸರಿಯಿದ್ದೂ ಪಟ್ಟಿ ಮೊಟಕಾಗಿದ್ದರೆ ಕೇಬಲ್ಲನ್ನು ಪರೀಕ್ಷಿಸಬೇಕು. ಮಾನಿಟರು ತನ್ನ ಅಳತೆಯನ್ನು ಕೇಬಲ್ಲಿನ ಮೂಲಕವೇ ಗಣಕಯಂತ್ರಕ್ಕೆ ತಿಳಿಸುತ್ತದೆ. ನೀಲಿ ತುದಿಯ ವಿಜಿಎ ಕೇಬಲ್ಲಿನ 15 ಸೂಜಿಗಳಲ್ಲಿ ಒಂದು ಬಾಗಿದರೂ ಈ ಸುದ್ದಿ ತಲುಪದೆ ಹೋಗಬಹುದು. ಎರಡೂ ಕಡೆ ಎಚ್‌ಡಿಎಂಐ ಕಿಂಡಿಯಿದ್ದಲ್ಲಿ ಆ ಕೇಬಲ್ಲನ್ನೇ ಬಳಸುವುದು ಮೇಲು.

ಅಕ್ಷರ ದೊಡ್ಡದಾಗಲೆಂದು ಕೆಲವರು ಬೇಕೆಂದೇ ರೆಸಲ್ಯೂಷನ್ ತಗ್ಗಿಸುತ್ತಾರೆ. ಇದು ತಪ್ಪು ಪದ್ಧತಿ. ಅಕ್ಷರ ದೊಡ್ಡದಾಗುತ್ತದೆ, ಸ್ಪಷ್ಟತೆ ಹೋಗುತ್ತದೆ. ರೆಸಲ್ಯೂಷನ್ ಹಾಗೆಯೇ ಇಟ್ಟು, ಅದೇ ಪುಟದ 'ಸ್ಕೇಲ್' ಎಂಬಲ್ಲಿ 100ರ ಬದಲು 125 ಪ್ರತಿಶತ ಆರಿಸಿದರೆ ಅಕ್ಷರವೂ ದೊಡ್ಡದಾಗಿ, ಒತ್ತಕ್ಷರವೂ ಬಿಡಿಯಾಗಿ ಕಾಣುತ್ತದೆ. ಸಣ್ಣ ಪರದೆಯಲ್ಲಿ ಇದರಿಂದ ಕೋಷ್ಟಕದ ಅಂಚು ಮರೆಯಾದೀತು. ಅರ್ಜಿ ತುಂಬುವಾಗ ಮಾತ್ರ ಮತ್ತೆ 100ಕ್ಕೆ ತಂದುಕೊಳ್ಳಬಹುದು.

ಏನು ಮಾಡಿದರೂ ಸರಿಹೋಗದಿದ್ದರೆ, ಹಳೆಯ ವಿಂಡೋಸಿನ ಮೇಲೆಯೇ ಹೊಸದನ್ನು ಏರಿಸಿದ ಯಂತ್ರದಲ್ಲಿ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನದಕ್ಕೆ ಮರಳಲು ಅವಕಾಶವಿದೆ. 'ಸೆಟ್ಟಿಂಗ್ಸ್'ನ 'ಸಿಸ್ಟಮ್' ವಿಭಾಗದಲ್ಲಿ 'ರಿಕವರಿ', ಅದರಲ್ಲಿ 'ಗೋ ಬ್ಯಾಕ್' ಎಂದಿರುತ್ತದೆ. ಅವಧಿ ಮೀರಿದರೆ ಹಳೆಯ ಕಡತಗಳು ಅಳಿಯುತ್ತವೆ. ಇಂಟೆಲ್ ಕಂಪನಿಯ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳು, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಅಂಥ ಯಂತ್ರಕ್ಕೆ ಅಡ್ಡದಾರಿಯಲ್ಲಿ ಅದನ್ನು ಹಾಕಿಸುವ ಮುನ್ನ ಡ್ರೈವರ್ ಸಿಗುವುದೇ ಎಂದು ವಿಚಾರಿಸಬೇಕು. ವಿಮೆ ನೋಂದಣಿ ನಡೆದಿರುವ ವಾರಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಮುಂಗಾರು ಹೆಸರಿನ ನೋಂದಣಿ ಮುಗಿದು, ಹಿಂಗಾರು ಕಡಲೆ ಮತ್ತು ಜೋಳದ್ದು ಆರಂಭವಾಗುವ ಮುಂಚಿನ ಬಿಡುವು ಇದಕ್ಕೆ ತಕ್ಕ ಸಮಯ.