ತೂತು ಇರಲೇಬೇಕಾದ ತಿಂಡಿ

ಎಲ್ಲರ ಮನೆಯ ದೋಸೆಯೂ ತೂತೇ ಎನ್ನುವುದು ಸಮಾಧಾನದ ಮಾತು. ಆದರೆ ತೂತು ಇಲ್ಲದಿದ್ದರೆ ಮರ್ಯಾದೆಯೇ ಇಲ್ಲದ ತಿಂಡಿಗಳೂ ಇವೆ. ಉದ್ದಿನ ವಡೆ ಒಂದು, ಕೋಡುಬಳೆ ಇನ್ನೊಂದು. ಮಕ್ಕಳ ಲೆಕ್ಕದಲ್ಲಿ ಈಗ ಮೂರನೆಯದು ಡೋನಟ್. ಮಾಲ್‌ನ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಮಕ್ಕಳನ್ನು ಕದಲಿಸುವುದು ಕಷ್ಟ. ಬೆಲೆ ನೋಡಿದ ಅಪ್ಪನನ್ನು ಅಲ್ಲೇ ನಿಲ್ಲಿಸಿಕೊಳ್ಳುವುದು ಇನ್ನೂ ಕಷ್ಟ! ಈ ಜಗ್ಗಾಟಕ್ಕೆ ಪರಿಹಾರವೆಂದು ಕೆಲವು ಮನೆಗಳಿಗೆ ಬಂದಿರುವುದು ಡೋನಟ್ ಮೇಕರ್ ಎಂಬ ಪುಟ್ಟ ವಿದ್ಯುತ್ ಉಪಕರಣ. ನೋಡಲು ಸ್ಯಾಂಡ್‌ವಿಚ್ ಟೋಸ್ಟರ್‌ನಂತೆಯೇ. ಮುಚ್ಚಳ ತೆರೆದರೆ ಕೆಳಗೂ ಮೇಲೂ ಬಳೆಯಾಕಾರದ ಆರೇಳು ಗುಳಿಗಳು.

ಹೀಗೆ ಬಂದ ಉಪಕರಣ ಎರಡು ಭಾನುವಾರ ಕೆಲಸ ಮಾಡಿ ಮೂರನೆಯ ವಾರ ಅಟ್ಟ ಸೇರುವುದೂ ಉಂಟು. ‘ಅಂಗಡಿಯದರ ಹಾಗೆ ಬರಲಿಲ್ಲ’ ಎಂಬುದು ಮಕ್ಕಳ ದೂರು. ದೂರು ನಿಜವೇ, ತಪ್ಪು ಮಾತ್ರ ಉಪಕರಣದ್ದಲ್ಲ. ಅಂಗಡಿಯ ಮೆತ್ತನೆಯ, ಎಳೆದರೆ ಎಳೆಯಾಗಿ ಬರುವ ಡೋನಟ್ ಸಾಮಾನ್ಯವಾಗಿ ಈಸ್ಟ್ ಹಾಕಿ ನಾದಿ, ಉಬ್ಬಿಸಿ, ಸುಮಾರು 180ರಿಂದ 190 ಡಿಗ್ರಿ ಸೆಲ್ಷಿಯಸ್ ಕಾವಿನ ಎಣ್ಣೆಯಲ್ಲಿ ಕರಿದದ್ದು. ಮನೆಯ ಈ ಉಪಕರಣ ಕರಿಯುವುದಿಲ್ಲ, ಎರಡೂ ಕಡೆಯಿಂದ ಬೇಯಿಸುತ್ತದೆ. ಇದರಿಂದ ಬರುವುದು ಬಳೆಯಾಕಾರದ ಪುಟ್ಟ ಕೇಕು. ಪಡ್ಡಿನ ಹೆಂಚಿನಲ್ಲಿ ಹುಯ್ದ ಹಿಟ್ಟು ಬೋಂಡಾ ಆಗಲಿಲ್ಲವೆಂದು ಯಾರೂ ಕೊರಗುವುದಿಲ್ಲ. ಇದೂ ಹಾಗೆಯೇ. ಕೇಕಿನ ರುಚಿಯನ್ನೇ ನಿರೀಕ್ಷಿಸಿ ಕುಳಿತವರಿಗೆ ನಿರಾಸೆಯಾಗದು.

ಇಷ್ಟಕ್ಕೂ ನಡುವೆ ತೂತು ಏಕೆ? ಡಚ್ಚರು ಅಮೆರಿಕಕ್ಕೆ ಒಯ್ದ ಮೂಲ ತಿಂಡಿ ತೂತಿಲ್ಲದ ಉಂಡೆಯಾಗಿತ್ತು. ವಾಷಿಂಗ್‌ಟನ್ ಇರ್ವಿಂಗ್ 1809ರ ತನ್ನ ನ್ಯೂಯಾರ್ಕ್ ಚರಿತ್ರೆಯಲ್ಲಿ ಹಂದಿಯ ಕೊಬ್ಬಿನಲ್ಲಿ ಕರಿದ ಈ ಸಿಹಿ ಉಂಡೆಗಳನ್ನು ಹೆಸರಿಸಿದ್ದಾನೆ. ಹೊರಗೆ ಕೆಂಪಾದರೂ ಒಳಗೆ ಹಸಿ ಉಳಿಯುವುದು ಉಂಡೆಯ ಕಾಯಿಲೆ. ಹ್ಯಾನ್ಸನ್ ಗ್ರೆಗರಿ ಎಂಬ ಅಮೆರಿಕದ ನಾವಿಕ, 1847ರಲ್ಲಿ ಹುಡುಗನಾಗಿದ್ದಾಗ ಹಡಗಿನಲ್ಲಿ ತಾನೇ ಮೊದಲು ಅದರ ನಡು ತೆಗೆದೆನೆಂದು ಮುಪ್ಪಿನಲ್ಲಿ ಹೇಳಿಕೊಂಡ. ಆ ಕೀರ್ತಿ ಅವನೊಬ್ಬನದೇ ಆಗಿರಲಿ, ಬಿಡಲಿ, ಉಪಾಯವಂತೂ ಸರಿ. ನಡು ತೆಗೆದರೆ ಬೇಯುವುದಕ್ಕೆ ಹಸಿಯ ಜಾಗವೇ ಉಳಿಯದು. ವಡೆ ತಟ್ಟುವ ಅಜ್ಜಿಯರಿಗೆ ಇದನ್ನು ಯಾವ ನಾವಿಕನೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಹಿಟ್ಟಿಗೆ ಬರೋಣ. ಒಂದು ಕಪ್ ಮೈದಾ, ಮೂರನೇ ಒಂದು ಕಪ್ ಪುಡಿ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಇವಿಷ್ಟನ್ನೂ ಜರಡಿ ಹಿಡಿದು ಇಟ್ಟುಕೊಳ್ಳಬೇಕು. ಬೇರೆ ಪಾತ್ರೆಯಲ್ಲಿ ಒಂದು ಮೊಟ್ಟೆ, ಎರಡು ದೊಡ್ಡ ಚಮಚ ವಾಸನೆಯಿಲ್ಲದ ಅಡುಗೆ ಎಣ್ಣೆ, ಸುಮಾರು ಅರ್ಧ ಕಪ್ ಹಾಲು. ಮೊಟ್ಟೆ ಒಲ್ಲದ ಮನೆಗಳಲ್ಲಿ ಅದರ ಬದಲು ಅರ್ಧ ಕಪ್ ಗಟ್ಟಿ ಮೊಸರು, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ, ಹಾಲನ್ನು ಕಾಲು ಕಪ್ಪಿಗೆ ಇಳಿಸಿದರಾಯಿತು. ಎರಡನ್ನೂ ಕೂಡಿಸಿದಾಗ ಹಿಟ್ಟು ಇಡ್ಲಿ ಹಿಟ್ಟಿಗಿಂತ ಕೊಂಚ ಗಟ್ಟಿಯಿರಬೇಕು. ಹದ ನೋಡಿಕೊಂಡು ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸುವುದು ಕ್ಷೇಮ.

ಮಕ್ಕಳು ಸೋಲುವುದು ಇಲ್ಲಿಯೇ. ಉತ್ಸಾಹದಿಂದ ಗರಗರ ತಿರುಗಿಸಿದಷ್ಟೂ ಮೈದಾದ ಅಂಟು ಬಲಿಯುತ್ತದೆ. ಚಪಾತಿಗೆ ಬೇಕಾದ ಗುಣ ಅದು, ಕೇಕಿಗೆ ಬೇಡ. ಒಣಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಬೇಕು. ಒಂದೆರಡು ಸಣ್ಣ ಗಂಟು ಉಳಿದರೂ ಚಿಂತೆಯಿಲ್ಲ. ಇಲ್ಲದಿದ್ದರೆ ಡೋನಟ್ ರಬ್ಬರ್ ಬಳೆಯಂತಾಗುತ್ತದೆ.

ಇನ್ನು ಉಬ್ಬುವ ಗುಟ್ಟು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಓದಿದವರಿಗೆ ಇದು ಗೊತ್ತಿರಲೇಬೇಕು. ಬೇಕಿಂಗ್ ಪೌಡರ್ ಎಂದರೆ ಅಡುಗೆ ಸೋಡಾ ಮತ್ತು ಒಣ ರೂಪದ ಸೌಮ್ಯ ಆಮ್ಲದ ಮಿಶ್ರಣ. ನೀರು ತಗುಲಿದರೆ, ಕಾವು ಏರಿದರೆ, ಎರಡೂ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆ ಗುಳ್ಳೆಗಳೇ ಹಿಟ್ಟನ್ನು ಎತ್ತುವುದು. ಆಮ್ಲವಿಲ್ಲದೆ ಬರೀ ಸೋಡಾ ಹಾಕಿದರೆ ಉಳಿಯುವ ಸೋಡಿಯಂ ಕಾರ್ಬೊನೇಟ್ ಕಹಿ. ಮೊಟ್ಟೆಯಿಲ್ಲದ ಹಿಟ್ಟಿನಲ್ಲಿ ಸೋಡಾದ ಜೊತೆಗೆ ಹುಳಿ ಮೊಸರು ಬೇಕಾಗುವುದು ಇದಕ್ಕೇ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಮೀಕರಣ ಕಣ್ಣೆದುರು ಉಬ್ಬುವುದನ್ನು ನೋಡಿದ ಹುಡುಗ ಅದನ್ನು ಸುಲಭವಾಗಿ ಮರೆಯಲಾರ. ಗುಳ್ಳೆಗಳು ಕಾಯುವುದಿಲ್ಲವಾದ್ದರಿಂದ ಹಿಟ್ಟು ಕಲಸುವ ಮೊದಲೇ ಉಪಕರಣ ಕಾಯಲು ಇಟ್ಟಿರಬೇಕು. ದೋಸೆ ಹಿಟ್ಟಿನಂತೆ ರಾತ್ರಿಯಿಡೀ ಇಡುವ ಹಿಟ್ಟಲ್ಲ ಇದು.

ಗುಳಿಗಳಿಗೆ ತೆಳುವಾಗಿ ಎಣ್ಣೆ ಸವರಿ, ಹಿಟ್ಟನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ, ಮೂಲೆ ಕತ್ತರಿಸಿ, ಮೆಹೆಂದಿ ಕೋನ್ ಹಿಡಿದಂತೆ ಸುತ್ತಲೂ ಬಿಡಬೇಕು. ಗುಳಿ ತುಂಬಿ ತುಳುಕಿದರೆ ತೂತು ಮುಚ್ಚಿಹೋಗುತ್ತದೆ, ಮುಕ್ಕಾಲು ಸಾಕು. ಮುಚ್ಚಳ ಹಾಕಿದ ನಾಲ್ಕೈದು ನಿಮಿಷದಲ್ಲಿ ಹೊಂಬಣ್ಣ ಬರುತ್ತದೆ. ನಡುವೆ ತೆರೆದು ಇಣುಕುವ ಚಪಲ ಬೇಡ. ತೆಗೆಯಲು ಬಿದಿರಿನ ಕಡ್ಡಿಯೇ ಸರಿ, ಸ್ಟೀಲ್ ಚಮಚ ತಗುಲಿದರೆ ನಾನ್‌ಸ್ಟಿಕ್ ಲೇಪ ಕೀಳುತ್ತದೆ.

ಪರಿಮಳದ ವಿಷಯದಲ್ಲಿ ಪರದೇಶದ ಎಸೆನ್ಸ್ ಬಾಟಲಿಗೆ ಜೋತುಬೀಳಬೇಕಾಗಿಲ್ಲ. ಏಲಕ್ಕಿ ಪುಡಿಯನ್ನು ಒಣಹಿಟ್ಟಿಗೇ ಸೇರಿಸಬಹುದು. ಕಿತ್ತಳೆಯದಾದರೆ ಸಿಪ್ಪೆಯ ಮೇಲ್ಪದರವನ್ನಷ್ಟೇ ತುರಿಯಬೇಕು. ಒಳಗಿನ ಬಿಳಿ ಭಾಗ ಕಹಿ. ಕೋಕೋ ಬೇಕೆಂದರೆ ಎರಡು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಕೋಕೋ ಪುಡಿ ಹಾಕಬೇಕು, ಸುಮ್ಮನೆ ಮೇಲಿಂದ ಸುರಿದರೆ ಹಿಟ್ಟು ಬಿಗಿಯುತ್ತದೆ. ಎಲ್ಲಕ್ಕಿಂತ ಸೊಗಸಾದದ್ದು ಕಾಫಿಯದು. ಹಾಲಿನಲ್ಲಿ ಎರಡು ಚಮಚ ಕಡಿಮೆ ಮಾಡಿ ಆರಿದ ಗಟ್ಟಿ ಡಿಕಾಕ್ಷನ್ ಬೆರೆಸಿದರೆ ಮಕ್ಕಳ ತಿಂಡಿಗೆ ಅಪ್ಪಂದಿರೂ ಪಾಲುದಾರರಾಗುತ್ತಾರೆ. ಕಳಿತ ಬಾಳೆಹಣ್ಣಾದರೆ ನುಣ್ಣಗೆ ಕಿವುಚಿ, ಹಾಲನ್ನೂ ಸಕ್ಕರೆಯನ್ನೂ ತಗ್ಗಿಸಬೇಕು. ಸಕ್ಕರೆ ಹೆಚ್ಚಾದಷ್ಟೂ ಹಿಟ್ಟು ಬೇಗ ಕಪ್ಪಾಗಿ ಗುಳಿಗೆ ಹಿಡಿಯುತ್ತದೆ ಎಂಬುದು ಸಿಹಿ ಕಡಿಮೆ ಮಾಡಬಯಸುವ ತಾಯಂದಿರಿಗೆ ಒಳ್ಳೆಯ ನೆಪ! ಸಕ್ಕರೆ ಬಿಟ್ಟು, ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಜೀರಿಗೆ ಹಾಕಿದ ಖಾರದ್ದೂ ಚೆನ್ನಾಗಿಯೇ ಆಗುತ್ತದೆ.

ಕರಿದದ್ದಲ್ಲವೆಂದ ಮಾತ್ರಕ್ಕೆ ಇದು ಆರೋಗ್ಯದ ಆಹಾರವಾಗಲಿಲ್ಲ. ಮೈದಾ ಮೈದಾವೇ. ಅರ್ಧದಷ್ಟು ಗೋಧಿ ಹಿಟ್ಟು ಬೆರೆಸಿದರೆ ತುಸು ಗಡುಸಾದರೂ ತಿನ್ನಲು ಅಡ್ಡಿಯಿಲ್ಲ. ವಿದ್ಯುತ್ತಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು: 1000 ವಾಟ್‌ನ ಉಪಕರಣ ಅರ್ಧ ಗಂಟೆ ಪೂರ್ತಿ ಉರಿದರೂ ಖರ್ಚು ಅರ್ಧ ಯೂನಿಟ್. ಕುದಿಯುವ ಎಣ್ಣೆಯ ಭಯ ಇಲ್ಲದಿದ್ದರೂ ಮುಚ್ಚಳ ತೆರೆದಾಗ ನುಗ್ಗುವ ಹಬೆಗೆ ಕೈ ಸುಡುತ್ತದೆ. ಚಿಕ್ಕ ಮಕ್ಕಳಿಗೆ ಅಳೆಯುವ, ಕಲಸುವ ಕೆಲಸ ಕೊಟ್ಟು, ತೆರೆಯುವುದನ್ನು ದೊಡ್ಡವರು ಇಟ್ಟುಕೊಳ್ಳುವುದು ಒಳಿತು. ತೊಳೆಯುವ ಅವಸರದಲ್ಲಿ ಉಪಕರಣವನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು; ಪ್ಲಗ್ ಕಿತ್ತು, ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಚಕ್ಕೆ ಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸುವುದಿದ್ದರೆ ಬಿಸಿಯಿರುವಾಗಲೇ ಬೆಣ್ಣೆ ಸವರಿ ಹೊರಳಿಸಬೇಕು. ಹಾಲಿನಲ್ಲಿ ಕಲಸಿದ ಸಕ್ಕರೆಯ ಲೇಪವಾದರೆ ಪೂರ್ತಿ ಆರಿದ ಮೇಲೆ, ಇಲ್ಲವಾದರೆ ಕರಗಿ ಹರಿದುಹೋಗುತ್ತದೆ. ಮಾಡಿದ ದಿನವೇ ರುಚಿ ಹೆಚ್ಚು. ಮರುದಿನದ ಶಾಲೆಯ ಡಬ್ಬಿಗೆ ಉಳಿಸುವುದಿದ್ದರೆ ಲೇಪ ಹಚ್ಚದೆಯೇ ಇಡಬೇಕು.